ಅಂತರ ಕಡಿಮೆಯಿದ್ದ ಮಾತ್ರಕ್ಕೆ ಮರುಎಣಿಕೆ ಹಕ್ಕಾಗುತ್ತದೆಯೇ?

ಓದುಗರ ಪ್ರಶ್ನೆ: ವಿಧಾನಸಭಾ ಚುನಾವಣೆಯಲ್ಲಿ ಬೆರಳೆಣಿಕೆಯ ಮತಗಳಿಂದ ಸೋತ ಅಭ್ಯರ್ಥಿ ಮರುಎಣಿಕೆ ಕೇಳಿದರೆ ಕೊಡಲೇಬೇಕೆ? ಕೊಡದಿದ್ದರೆ ಮುಂದಿನ ದಾರಿ ಯಾವುದು?

ಕೊಡಲೇಬೇಕೆಂಬ ನಿಯಮವಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರೆದುರು ಒಂದೇ ಮತದಿಂದ ಸೋತರು. ಕಾನೂನಿನ ಕಣ್ಣಿಗೆ ಅದೂ ಪೂರ್ಣ ಗೆಲುವೇ. 1961ರ ಚುನಾವಣಾ ನಿರ್ವಹಣಾ ನಿಯಮಗಳ 63ನೇ ನಿಯಮದಂತೆ, ಒಟ್ಟು ಮತಗಳನ್ನು ಪ್ರಕಟಿಸಿದ ಮೇಲೆ ಅಭ್ಯರ್ಥಿಯಾಗಲಿ ಅವರ ಏಜೆಂಟರಾಗಲಿ ಕಾರಣ ಸಹಿತ ಲಿಖಿತ ಅರ್ಜಿ ಕೊಡಬಹುದು. ಚುನಾವಣಾಧಿಕಾರಿ ಅದನ್ನು ಪೂರ್ತಿಯಾಗಿಯೋ ಭಾಗಶಃವೋ ಒಪ್ಪಬಹುದು, ಹುರುಳಿಲ್ಲವೆನಿಸಿದರೆ ತಳ್ಳಿಹಾಕಬಹುದು. ಏನೇ ಮಾಡಿದರೂ ಕಾರಣವನ್ನು ಬರೆದಿಡಬೇಕು. ಫಲಿತಾಂಶ ಪಟ್ಟಿಯಾದ ನಮೂನೆ 20ಕ್ಕೆ ಸಹಿ ಬಿದ್ದ ಮೇಲೆ ಅರ್ಜಿಗೆ ಅವಕಾಶವಿಲ್ಲ.

ಮತಯಂತ್ರದ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ಬರುತ್ತದೆಯಾದ್ದರಿಂದ, ನಿಜವಾದ ಜಗಳ ಹುಟ್ಟುವುದು ಹೆಚ್ಚಾಗಿ ಅಂಚೆ ಮತಗಳಲ್ಲಿ. ಅಂಚೆ ಮತದ ಜೊತೆಗಿರುವ ಘೋಷಣಾ ಪತ್ರಕ್ಕೆ ಮತದಾರರ ಸಹಿ ಅಥವಾ ಅಧಿಕಾರಿಯ ದೃಢೀಕರಣ ಇಲ್ಲದಿದ್ದರೆ, ಒಳಗಿನ ಲಕೋಟೆಯನ್ನು ತೆರೆಯದೆಯೇ ಮತವನ್ನು ತಿರಸ್ಕರಿಸಲಾಗುತ್ತದೆ. ಗೆಲುವಿನ ಅಂತರವು ಹೀಗೆ ತಿರಸ್ಕೃತವಾದ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಿದ್ದರೆ, ಘೋಷಣೆಗೆ ಮೊದಲು ಅವೆಲ್ಲವನ್ನೂ ಮರುಪರಿಶೀಲಿಸಲೇಬೇಕೆಂಬುದು ಚುನಾವಣಾ ಆಯೋಗದ ಸೂಚನೆ. 2023ರಲ್ಲಿ ಜಯನಗರದಲ್ಲಿ ಮುಂದಿದ್ದ ಸೌಮ್ಯಾ ರೆಡ್ಡಿ ಅವರು ತಿರಸ್ಕೃತ ಅಂಚೆ ಮತಗಳ ಮರುಪರಿಶೀಲನೆಯ ನಂತರ ಸಿ.ಕೆ. ರಾಮಮೂರ್ತಿ ಅವರೆದುರು 16 ಮತಗಳಿಂದ ಸೋತರು.

ಘೋಷಣೆಯಾದ ಮೇಲೆ ಉಳಿಯುವ ದಾರಿ ಒಂದೇ: 45 ದಿನಗಳೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಅಲ್ಲಿಯೂ ಕೇಳಿದೊಡನೆ ಮರುಎಣಿಕೆ ಸಿಗದು. ಮತದ ಗೋಪ್ಯತೆಯನ್ನು ಕಾಯಬೇಕಾದ ಕಾರಣ, ನಿರ್ದಿಷ್ಟ ಸಂಗತಿಗಳನ್ನು ಹೇಳಿ ಮೇಲ್ನೋಟಕ್ಕಾದರೂ ರುಜುವಾತು ತೋರಿಸದೆ ಮತಪತ್ರಗಳನ್ನು ತೆರೆಯಲು ಬಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1964ರಲ್ಲಿ ರಾಮ್ ಸೇವಕ್ ಯಾದವ್ ಪ್ರಕರಣದಲ್ಲೇ ಹೇಳಿದೆ. ಈ ಬಿಗಿ ಅಗತ್ಯವೆಂದೇ ನನ್ನ ಅಭಿಪ್ರಾಯ. ಇಲ್ಲದಿದ್ದರೆ ಸೋತವರೆಲ್ಲ ಪೆಟ್ಟಿಗೆ ತೆರೆಸಲು ಸಾಲು ನಿಲ್ಲುತ್ತಾರೆ. ಆದರೆ ಆ ರುಜುವಾತು ಇರುವುದು ಅಧಿಕಾರಿಗಳ ವಶದಲ್ಲಿ. ಅವರೇ ಅದನ್ನು ಹಾಜರುಪಡಿಸದಿದ್ದರೆ ಅರ್ಜಿದಾರರು ಎಲ್ಲಿಂದ ತರಬೇಕು?

ಮಾಲೂರು ಪ್ರಕರಣದಲ್ಲಿ ಎದ್ದಿದ್ದು ಇದೇ ಪ್ರಶ್ನೆ. 2023ರಲ್ಲಿ ಕೆ.ವೈ. ನಂಜೇಗೌಡ ಅವರು 248 ಮತಗಳಿಂದ ಗೆದ್ದಿದ್ದರು. ಎಣಿಕೆಯ ವಿಡಿಯೊ ಚಿತ್ರೀಕರಣ ನ್ಯಾಯಾಲಯದ ಮುಂದೆ ಬರಲಿಲ್ಲ; 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿತು. ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ನೀಡಿತಾದರೂ, ಮರುಎಣಿಕೆ ನಡೆಸಿ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ತನಗೆ ಸಲ್ಲಿಸುವಂತೆ ಹೇಳಿತು.

ಇಂಥ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 86ನೇ ಕಲಂ ಹೇಳುತ್ತದೆ. ಮಾಲೂರಿನಲ್ಲಿ ಹೈಕೋರ್ಟಿನ ತೀರ್ಪು ಬರುವ ಹೊತ್ತಿಗೇ ಶಾಸಕರ ಐದು ವರ್ಷದ ಅವಧಿಯಲ್ಲಿ ಸುಮಾರು ಅರ್ಧ ಕಳೆದಿತ್ತು.