ಒಂದೇ ಹದಕ್ಕೆ ಬಿತ್ತಿದ ಅಪಾರ್ಟ್‌ಮೆಂಟು

ಹೋದ ವರ್ಷ ಯುಗಾದಿ ಮುಗಿದ ವಾರ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಕಾಕಾ ನೋಟುಬುಕ್ಕು ಹಿಡಿದುಕೊಂಡು ಪಟ್ಟಿ ಎತ್ತಲು ಬಂದರು. ಮನೆಗೆ ಎರಡು ಸಾವಿರ. ಗಣಪತಿಗೆ ಇನ್ನೂ ಐದು ತಿಂಗಳಿತ್ತು.

"ಶಾಂತಿ ಮಾಡಸೋದು ಅಂತ ಆಗೇತ್ರಿ ಸರ. ಒಂದ ವರ್ಷದಾಗ ಮೂರು ಮಂದಿ ಹೋದ್ರು. ಬಿಲ್ಡಿಂಗಿಗೇ ಏನೋ ದೋಷ ಐತಿ ಅಂತ ಎಲ್ಲಾರೂ ಅನ್ನಾಕತ್ತಾರ. ದಕ್ಷಿಣಕ್ಕ ಬಾಗಿಲ ಇಟ್ಟಾರ ನೋಡ್ರಿ, ಅದ."

"ಹೋದವರ ವಯಸ್ಸು ಎಷ್ಟಿತ್ರಿ ಕಾಕಾ?"

"ಒಬ್ರಿಗೆ ಎಪ್ಪತ್ತೊಂದು, ಒಬ್ರಿಗೆ ಎಪ್ಪತ್ತಾರು, ಆ ಅಜ್ಜಾರಿಗೆ ಎಂಬತ್ತರ ಹತ್ರ ಇದ್ದೀತು. ಆದ್ರ ಎಲ್ಲಾರೂ ಗಟ್ಟಿ ಇದ್ರಲ್ರೀ!"

ಮೂವರಲ್ಲಿ ಒಬ್ಬರ ಬಾಗಿಲು ಪೂರ್ವಕ್ಕಿತ್ತು. ಅದನ್ನು ನೆನಪಿಸಬೇಕೆಂದು ಬಾಯಿ ತೆರೆದೆ. ಅಡುಗೆಮನೆಯಿಂದ ಹೆಂಡತಿ ಕಣ್ಣು ಬಿಟ್ಟಳು. ಎರಡು ಸಾವಿರ ಎಣಿಸಿ ಕೊಟ್ಟೆ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನಿಗೆ ಆ ದುಡ್ಡು ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಹಾಗಾಗಿ ಈ ಲೇಖನ.

ನಮ್ಮದು ಹುಬ್ಬಳ್ಳಿಯ ಕೇಶ್ವಾಪುರ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಈ ಊರಿಗೆ ಬಂದು ವರ್ಕ್‌ಶಾಪು ಹಾಕಿದ ಮೇಲೆ ಹಳಿಯ ಈಚೆಗೆ ಬೆಳೆದ ಭಾಗ ಇದು. ಒಂದು ಕಾಲಕ್ಕೆ ದೊಡ್ಡ ಪ್ಲಾಟು, ನಡುವೆ ಹಂಚಿನ ಬಂಗಲೆ, ಹಿಂದೆ ಮಾವಿನ ಗಿಡ. ಯಜಮಾನರು ತೀರಿಕೊಂಡ ಮೇಲೆ ನಾಲ್ವರು ಅಣ್ಣತಮ್ಮಂದಿರಿಗೆ ಬಂಗಲೆಯನ್ನು ಕೊಯ್ದು ಹಂಚಲಿಕ್ಕಾಗುವುದಿಲ್ಲ. ಬಿಲ್ಡರ್ ಬಂದ, ಪಾಲಿಗೊಂದು ಫ್ಲ್ಯಾಟು ಕೊಟ್ಟ, ಉಳಿದವನ್ನು ಮಾರಿದ. 1990ರ ದಶಕದಲ್ಲಿ ಕೇಶ್ವಾಪುರ, ದೇಶಪಾಂಡೆ ನಗರ, ವಿದ್ಯಾನಗರಗಳಲ್ಲಿ ಎದ್ದ ಬಹಳಷ್ಟು ಕಟ್ಟಡಗಳ ಜಾತಕ ಇಷ್ಟೇ. ಕೆಳಗೆ ಪಾರ್ಕಿಂಗು, ಮೇಲೆ ಮೂರು ಅಂತಸ್ತು, ಮೊಸಾಯಿಕ್ ನೆಲ. ಲಿಫ್ಟು ಇಲ್ಲ, ಏಕೆಂದರೆ ಆಗ ಅದು ಯಾರಿಗೂ ಬೇಕಿರಲಿಲ್ಲ.

ಯಾಕೆ ಬೇಕಿರಲಿಲ್ಲ ಎಂಬಲ್ಲೇ ನನ್ನ ಇಡೀ ವಾದ ಇದೆ. ಕೊಂಡವರೆಲ್ಲ ನಲವತ್ತರ ಆಸುಪಾಸಿನವರು. ಬ್ಯಾಂಕು, ಎಲ್‌ಐಸಿ, ರೈಲ್ವೆ, ಕಾಲೇಜು. ಜೀವನದ ಮೊದಲ ಗೃಹಸಾಲ, ಇಬ್ಬರು ಮಕ್ಕಳು, ಕೆಳಗೊಂದು ಚೇತಕ್ ಸ್ಕೂಟರು. ಇಪ್ಪತ್ತನಾಲ್ಕು ಮನೆಗಳೂ ಒಂದೆರಡು ವರ್ಷದೊಳಗೆ ತುಂಬಿದವು.

ಹಳೇ ಹುಬ್ಬಳ್ಳಿಯ ಓಣಿ ಹಾಗಲ್ಲ. ಅಲ್ಲಿನ ಮನೆಗಳು ನೂರಿನ್ನೂರು ವರ್ಷಗಳಲ್ಲಿ ಒಂದೊಂದಾಗಿ ಎದ್ದವು. ಒಂದು ಮನೆಯಲ್ಲಿ ಮುತ್ತಜ್ಜಿ, ಪಕ್ಕದಲ್ಲಿ ಹೊಸ ಸೊಸೆ, ಎದುರಿಗೆ ಬಾಣಂತಿ. ಅಲ್ಲಿ ಸಾವೂ ತೊಟ್ಟಿಲೂ ಸರದಿಯಲ್ಲಿ ಬರುತ್ತವೆ. ಓಣಿ ಎಂದರೆ ಅಕ್ಕಡಿ ಸಾಲಿನ ಹೊಲ: ತೊಗರಿ ಒಮ್ಮೆ, ಹೆಸರು ಒಮ್ಮೆ. ಅಪಾರ್ಟ್‌ಮೆಂಟು ಒಂದೇ ಹದಕ್ಕೆ ಬಿತ್ತಿದ ಬಿಳಿಜೋಳ. ಒಂದೇ ವಾರದಲ್ಲಿ ತೆನೆ ಹಿರಿಯುತ್ತದೆ, ಒಂದೇ ವಾರದಲ್ಲಿ ಕೊಯ್ಲಿಗೆ ಬರುತ್ತದೆ. ಒಂದೇ ದೀಪಾವಳಿಗೆ ತಂದು ಹಾಕಿದ ಇಪ್ಪತ್ತನಾಲ್ಕು ಟ್ಯೂಬ್‌ಲೈಟುಗಳು ಎಂದರೂ ಸರಿ. ಐದು ವರ್ಷ ಒಂದೂ ಕೆಡುವುದಿಲ್ಲ. ಆಮೇಲೆ ಪಟಪಟ ಕಣ್ಣು ಮಿಟುಕಿಸತೊಡಗಿದಾಗ ನಾವು ಹೆಸ್ಕಾಂನವರನ್ನು ಬೈಯುತ್ತೇವೆ.

ಹೀಗೆ ಒಟ್ಟಿಗೆ ಹೊರಟ ಗುಂಪನ್ನು ಜನಸಂಖ್ಯಾಶಾಸ್ತ್ರದವರು ಕೋಹಾರ್ಟ್ ಎನ್ನುತ್ತಾರೆ. ನಾನು 'ಒಂದೇ ಬಿತ್ತಿಗೆಯವರು' ಎಂದೇ ಕ್ಲಾಸಿನಲ್ಲಿ ಹೇಳುತ್ತಿದ್ದೆ.

ಒಂದೇ ಬಿತ್ತಿಗೆಯ ಕಟ್ಟಡ ತುಂಬುವುದೂ ಒಟ್ಟಿಗೆ, ಖಾಲಿಯಾಗುವುದೂ ಒಟ್ಟಿಗೆ. ನಮ್ಮಲ್ಲಿ ಏಳು ಮನೆಗಳಿಗೆ ಬೀಗ ಬಿದ್ದಿದೆ. ಅದೂ ದೋಷದ ಪಟ್ಟಿಗೆ ಸೇರಿದೆ: "ಈ ಬಿಲ್ಡಿಂಗಿನ್ಯಾಗ ಮಂದಿ ನಿಲ್ಲೂದಿಲ್ಲ." ನಮ್ಮ ಕಡೆಯ ಹಳಬರು ಜನಗಣತಿಗೆ ಖಾನೇಸುಮಾರಿ ಎನ್ನುತ್ತಿದ್ದರು. ಪಾರಸಿಯಲ್ಲಿ ಖಾನೆ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ. ತಲೆ ಎಣಿಸುವ ಮುಂಚೆ ಮನೆ ಎಣಿಸಬೇಕು ಎಂಬ ತಿಳಿವಳಿಕೆ ಆ ಪದದಲ್ಲೇ ಇದೆ. ಇಂದಿನ ಜನಗಣತಿಯೂ ಕುಟುಂಬವನ್ನು ಗುರುತಿಸುವುದು ರಕ್ತದಿಂದಲ್ಲ, ಅಡುಗೆಯಿಂದ: ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯ ಊಟ ಉಣ್ಣುವವರು ಒಂದು ಕುಟುಂಬ. "ಒಲಿ ಬ್ಯಾರೆ ಆತು" ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದೂ ಇದನ್ನೇ. ಒಲೆ ಲೆಕ್ಕದಲ್ಲಿ ನಮ್ಮ ಕಟ್ಟಡವನ್ನು ನೋಡಿ. ಮೊದಲು ಒಲೆಗೆ ನಾಲ್ವರು. ಮಗಳು ಪುಣೆಗೆ, ಮಗ ಬೆಂಗಳೂರಿಗೆ ಹೋದ ಮೇಲೆ ಇಬ್ಬರು. ಆಮೇಲೆ ಒಬ್ಬರು. ಕೊನೆಗೆ ಆ ಒಬ್ಬರನ್ನು ಮಗ ಕರೆದುಕೊಂಡು ಹೋಗುತ್ತಾನೆ, ಬಾಗಿಲಿಗೆ ಬೀಗ. ಇಪ್ಪತ್ತನಾಲ್ಕು ಮನೆಗಳ ಗಡಿಯಾರವೂ ಒಂದೇ ಆಗಿರುವುದರಿಂದ ಬೀಗಗಳೂ ಸಾಲಾಗಿ ಬೀಳುತ್ತವೆ.

ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 1991ರಲ್ಲಿ 6.48 ಲಕ್ಷ, 2001ರಲ್ಲಿ 7.86 ಲಕ್ಷ, 2011ರಲ್ಲಿ 9.44 ಲಕ್ಷ. ಊರು ಉಬ್ಬುತ್ತಿರುವಾಗಲೇ ಅದರ ಹೊಟ್ಟೆಯೊಳಗಿನ ಒಂದು ಕಟ್ಟಡದ ಮಂದಿ ಅರ್ಧಕ್ಕಿಳಿಯಬಹುದು. ಅಪಾರ್ಟ್‌ಮೆಂಟು ಎದ್ದಿತೆಂದರೆ ಗದ್ದಲ ಹೆಚ್ಚಿತು ಎಂದು ಗೊಣಗುವವರು ಇದನ್ನು ಗಮನಿಸುವುದೇ ಇಲ್ಲ. 2011ರ ಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1.1 ಕೋಟಿ. ಅಷ್ಟೂ ಮನೆಗಳ ಬಾಗಿಲು ದಕ್ಷಿಣಕ್ಕಿರಲಿಕ್ಕಿಲ್ಲ.

ಈಗ ಸಾವಿನ ಮಾತು. 1825ರಲ್ಲಿ ಬೆಂಜಮಿನ್ ಗೊಂಪರ್ಟ್ಜ್ ಎಂಬ ಲಂಡನ್ನಿನ ಗಣಿತಜ್ಞ ಜೀವವಿಮೆಯ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದ. ಯಹೂದಿ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಅವನಿಗೆ ಮುಚ್ಚಿತ್ತು, ಕಲಿತದ್ದೆಲ್ಲ ಸ್ವಂತವಾಗಿ. ಅವನಿಗೆ ಹೊಳೆದದ್ದು ಇದು: ಪ್ರಾಯ ಕಳೆದ ಮೇಲೆ ಒಂದು ವರ್ಷದೊಳಗೆ ಸಾಯುವ ಅಪಾಯ ವಯಸ್ಸಿನ ಜೊತೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿ. ಚಕ್ರಬಡ್ಡಿ ಅನ್ನಿ. ನಲವತ್ತರಿಂದ ಎಪ್ಪತ್ತೆರಡಕ್ಕೆ ಮೂವತ್ತೆರಡು ವರ್ಷ, ಅಂದರೆ ನಾಲ್ಕು ಇಮ್ಮಡಿ. ಎರಡು, ನಾಲ್ಕು, ಎಂಟು, ಹದಿನಾರು. ಗೃಹಪ್ರವೇಶದ ದಿನ ಪಾಯಸ ಉಂಡವರ ಅಪಾಯ ಈಗ ಹದಿನಾರು ಪಟ್ಟು. ಕಟ್ಟಡ ಅದೇ, ಬಾಗಿಲು ಅದೇ ದಿಕ್ಕಿಗಿದೆ.

ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಕಟ್ಟಡ ಹಿಡಿಯೋಣ. ಅದರಲ್ಲಿ ಎಪ್ಪತ್ತು ದಾಟಿದ ಮೂವತ್ತೆರಡು ಮಂದಿ ಇದ್ದಾರೆ, ಒಬ್ಬೊಬ್ಬರಿಗೂ ವರ್ಷದ ಅಪಾಯ ನೂರಕ್ಕೆ ನಾಲ್ಕು. ಸರಾಸರಿ ವರ್ಷಕ್ಕೆ 1.28 ಸಾವು. ಸರಿ, ಮೂರು ಹೇಗೆ ಬಂದವು?

ಇಲ್ಲಿ ಜನ ಎಡವುವುದು ಸರಾಸರಿಯಲ್ಲಲ್ಲ, ಹರವಿನಲ್ಲಿ. ಯಾದೃಚ್ಛಿಕ, ಅಂದರೆ ಯಾರೂ ಗೊತ್ತುಮಾಡದೆ ತಾನಾಗಿ ಬಿದ್ದದ್ದು, ಸಮನಾಗಿ ಹಂಚಿಕೊಂಡೇ ಬೀಳುತ್ತದೆ ಎಂದು ನಮ್ಮ ಮನಸ್ಸು ನಂಬಿಬಿಟ್ಟಿದೆ. ಹಿತ್ತಲಲ್ಲಿ ಶಹಾಬಾದ್ ಕಲ್ಲಿನ ನೆಲವಿದ್ದರೆ ಮುಂಗಾರಿನ ಮೊದಲ ಹನಿಗಳು ಬೀಳುವಾಗ ನೋಡಿ. ಕಲ್ಲಿಗೊಂದು ಹನಿ ಎಂದು ಮಳೆರಾಯ ಲೆಕ್ಕ ಇಟ್ಟು ಹಾಕುವುದಿಲ್ಲ. ಒಂದು ಕಲ್ಲಿಗೆ ನಾಲ್ಕು ಬಿದ್ದಿರುತ್ತವೆ, ಪಕ್ಕದ ಎರಡು ಕಲ್ಲು ಒಣಗಿರುತ್ತವೆ. ಗಿರಮಿಟ್ಟು ಕಲಸುವವನನ್ನು ನೋಡಿ. ಬುಟ್ಟಿಯಲ್ಲಿ ಶೇಂಗಾ ಎಷ್ಟು ಚೆನ್ನಾಗಿ ಕಲಸಿದರೂ ನಿಮ್ಮ ಪ್ಲೇಟಿಗೆ ಒಂದೂ ಬರುವುದಿಲ್ಲ, ಪಕ್ಕದವನಿಗೆ ಐದು. ಅವನು ನಿಮ್ಮ ಮೇಲೆ ಹಗೆ ಸಾಧಿಸುತ್ತಿಲ್ಲ. ಕಲಸಿದ್ದು ಚೆನ್ನಾಗಿದೆ ಎನ್ನುವುದಕ್ಕೆ ಅದೇ ಗುರುತು. ಪ್ರತಿ ಪ್ಲೇಟಿಗೂ ಸರಿಯಾಗಿ ಎರಡೆರಡೇ ಬಂದಿದ್ದರೆ ಆತ ಎಣಿಸಿ ಹಾಕಿದ್ದಾನೆ ಎಂದು ಸಂಶಯಪಡಬೇಕು.

ಈ ಹರವಿನ ಸೂತ್ರವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ 1837ರಲ್ಲೇ ಬರೆದಿಟ್ಟಿದ್ದ. ಅದನ್ನು ಸಾವಿನ ದಾಖಲೆಗೆ ಹಚ್ಚಿ ಪ್ರಸಿದ್ಧಗೊಳಿಸಿದವನು ಬೋರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ, 1898ರಲ್ಲಿ. ಅವನು ಆರಿಸಿಕೊಂಡದ್ದು ಪ್ರಷ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತ ಸೈನಿಕರನ್ನು. ಹತ್ತು ದಳ, ಇಪ್ಪತ್ತು ವರ್ಷ, ಅಂದರೆ 200 ದಾಖಲೆ. ಒಟ್ಟು ಸಾವು 122. ಒಂದೂ ಸಾವಿಲ್ಲದ ದಾಖಲೆಗಳು 109, ಒಂದು ಸಾವಿನವು 65, ಎರಡರವು 22, ಮೂರರವು 3, ನಾಲ್ಕರದು 1. ಸೂತ್ರ ಹೇಳುವುದೂ ಹೆಚ್ಚುಕಡಿಮೆ ಅಷ್ಟನ್ನೇ. ನಾಲ್ಕು ಮಂದಿ ಸತ್ತ ಆ ದಳದವರು ತಮ್ಮ ಲಾಯಕ್ಕೆ ಏನು ಶಾಂತಿ ಮಾಡಿಸಿದರೋ.

ನಮ್ಮ ಕಾಲ್ಪನಿಕ ಕಟ್ಟಡಕ್ಕೆ ಅದೇ ಸೂತ್ರ ಹಚ್ಚಿದರೆ, ವರ್ಷವೊಂದರಲ್ಲಿ ಮೂರು ಅಥವಾ ಹೆಚ್ಚು ಸಾವಾಗುವ ಸಂಭವ ನೂರಕ್ಕೆ ಹದಿನಾಲ್ಕು. ಏಳು ವರ್ಷಕ್ಕೊಮ್ಮೆ! ಇಂಥವೇ ಇಪ್ಪತ್ತು ಕಟ್ಟಡಗಳಿರುವ ಬಡಾವಣೆಯಲ್ಲಿ ಯಾವುದೇ ವರ್ಷ ಎರಡೋ ಮೂರೋ ಕಟ್ಟಡಗಳಿಗೆ 'ದೋಷ' ತಗಲಿಯೇ ತಗಲುತ್ತದೆ. ಉಳಿದ ಹದಿನೇಳರವರು ನೋಟುಬುಕ್ಕು ಹಿಡಿದು ಬರುವುದಿಲ್ಲವಾದ್ದರಿಂದ ನಮಗೆ ಅವು ಕಾಣುವುದಿಲ್ಲ.

ಹಾಗಾದರೆ ಗುಂಪು ಸಾವಿಗೆ ಎಂದೂ ಕಾರಣವೇ ಇರುವುದಿಲ್ಲವೇ? ಇರುತ್ತದೆ, ಮತ್ತು ಅದಕ್ಕೆ ಹುಬ್ಬಳ್ಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೋರ್ಟ್‌ಕೀವಿಚ್ ಕುದುರೆ ಒದೆ ಎಣಿಸಿ ಪ್ರಕಟಿಸಿದ ಅದೇ 1898ರಲ್ಲಿ ಈ ಊರಿಗೆ ಪ್ಲೇಗು ಬಡಿದಿತ್ತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಯಾರಿಸಿದ್ದ ಲಸಿಕೆಯನ್ನು ಇಲ್ಲಿ ಸಾವಿರಾರು ಮಂದಿ ಚುಚ್ಚಿಸಿಕೊಂಡರು. ಲಸಿಕೆಯ ಇತಿಹಾಸದಲ್ಲಿ ಹುಬ್ಬಳ್ಳಿಯ ಹೆಸರು ಬರುವುದು ಹೀಗೆ. ಪ್ಲೇಗಿನಲ್ಲಿ ಒಂದು ಸಾವು ಇನ್ನೊಂದನ್ನು ಕರೆದುಕೊಂಡು ಬರುತ್ತದೆ. ಸಿಟಿ ಬಸ್ಸುಗಳು ಒಂದರ ಬೆನ್ನಿಗೊಂದು ಬರುವುದೂ ಇದೇ ಜಾತಿ: ಮುಂದಿನ ಬಸ್ಸಿಗೆ ಜನ ಮುಕುರಿ ತಡವಾಗುತ್ತದೆ, ಹಿಂದಿನದು ಖಾಲಿ ಓಡಿ ಅದನ್ನು ಹಿಡಿಯುತ್ತದೆ. ಕುದುರೆ ಒದೆ ಹಾಗಲ್ಲ, ಒಂದು ಕುದುರೆಯನ್ನು ನೋಡಿ ಇನ್ನೊಂದು ಒದೆಯುವುದಿಲ್ಲ.

ಎರಡನ್ನೂ ಬೇರ್ಪಡಿಸುವ ಉಪಾಯ ಸರಳ. ವರ್ಷವರ್ಷದ ಎಣಿಕೆ ಬರೆದುಕೊಂಡು ಸರಾಸರಿ ತೆಗೆಯಿರಿ, ಏರಿಳಿತದ ಅಳತೆಯಾದ ವೇರಿಯನ್ಸನ್ನೂ ತೆಗೆಯಿರಿ. ಬಿಡಿಬಿಡಿ ಸಾವುಗಳಾಗಿದ್ದರೆ ಎರಡೂ ಅಂಕಿ ಹತ್ತಿರಹತ್ತಿರ ಇರುತ್ತವೆ. ವೇರಿಯನ್ಸು ಸರಾಸರಿಯ ಹಲವು ಪಟ್ಟಾದರೆ ಕಿವಿ ನಿಮಿರಿಸಿ: ಸಂಪಿನ ನೀರು ಪರೀಕ್ಷಿಸಿ, ಗೀಸರಿನ ಗ್ಯಾಸು ನೋಡಿ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಸಂಪು ಒಳಗಿನಿಂದ ಹೇಗಿದೆ ಎಂದು ಮುಚ್ಚಳ ತೆಗೆದು ನೋಡುವವರೇ ಕಡಿಮೆ. ಅದಕ್ಕಿಂತ ಬಾಗಿಲು ಒಡೆದು ದಿಕ್ಕು ತಿರುಗಿಸುವ ಮೇಸ್ತ್ರಿ ಬೇಗ ಸಿಗುತ್ತಾನೆ.

ಶಾಂತಿ ಚೈತ್ರದಲ್ಲೇ ನಡೆಯಿತು. ಪಾರ್ಕಿಂಗಿನಲ್ಲಿ ಹೋಮ, ಆಮೇಲೆ ಹೋಳಿಗೆ ಊಟ. ಬೀಗ ಹಾಕಿದ ಮನೆಯವರೂ ಬೆಂಗಳೂರಿನಿಂದ, ಪುಣೆಯಿಂದ ಫೋನ್‌ಪೇ ಮಾಡಿದ್ದರು. ಅದಾಗಿ ಒಂದು ವರ್ಷ ಕಳೆಯಿತು, ಒಂದೂ ಸಾವಿಲ್ಲ. ಕಾಕಾ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹುಬ್ಬು ಹಾರಿಸುತ್ತಾರೆ.

ಇದಕ್ಕೂ ಲೆಕ್ಕವಿದೆ. ಅದೇ ಕಾಲ್ಪನಿಕ ಕಟ್ಟಡದಲ್ಲಿ ಒಂದೂ ಸಾವಿಲ್ಲದ ವರ್ಷ ಬರುವ ಸಂಭವ ನೂರಕ್ಕೆ ಇಪ್ಪತ್ತೆಂಟು. ಮೂರಕ್ಕಿಂತ ಕಡಿಮೆ ಬರುವ ಸಂಭವ ನೂರಕ್ಕೆ ಎಂಬತ್ತಾರು. ಶಾಂತಿ ಮಾಡಿಸುವುದು ಕೆಟ್ಟ ವರ್ಷದ ಬೆನ್ನಿಗೇ ತಾನೆ. ಮುಂದಿನ ವರ್ಷ ಸುಮ್ಮನೆ ಕುಳಿತರೂ ಏಳರಲ್ಲಿ ಆರು ಸಲ ಸುಧಾರಣೆ ಕಾಣುತ್ತದೆ. ಅತಿ ಎತ್ತರದ ತಂದೆತಾಯಿಯರ ಮಕ್ಕಳು ಸರಾಸರಿಯ ಕಡೆ ಕುಗ್ಗುವುದನ್ನು ಕಂಡು 1886ರಲ್ಲಿ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ವಿವರಿಸಿದ್ದು ಇದನ್ನೇ. ಇಂಗ್ಲಿಷು ಔಷಧ, ಹೋಮಿಯೋಪತಿ, ತಾಯಿತ, ಹೊಸ ಕೋಚು, ಎಲ್ಲರೂ ಈ ಜಾರುಬಂಡೆಯಲ್ಲಿ ಪುಕ್ಕಟೆ ಜಾರಿ ಹೆಸರು ಮಾಡಿದವರೇ.

ಜೊತೆಗೆ ಕಟ್ಟಡವೂ ಸದ್ದಿಲ್ಲದೆ ಬದಲಾಗುತ್ತಿದೆ. ಏಳು ಬೀಗಗಳಲ್ಲಿ ಎರಡು ಈಚೆಗೆ ತೆರೆದವು. ಒಂದರಲ್ಲಿ ನರ್ಸ್ ಹುಡುಗಿಯರು ಮೂವರು, ಇನ್ನೊಂದರಲ್ಲಿ ರೈಲ್ವೆ ನೌಕರಿಯ ಗಂಡಹೆಂಡತಿ ಮತ್ತು ನಡುರಾತ್ರಿ ಕಿರುಚುವ ಅವರ ಕೂಸು. ಎರಡನೆಯ ಬಿತ್ತಿಗೆ ಒಟ್ಟಿಗೆ ಬರುವುದಿಲ್ಲ, ಒಬ್ಬೊಬ್ಬರ ಜಾಗ ತೆರವಾದಂತೆ ಬರುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ಇದು ಮೆಟ್ಟಿಲಿರುವ ಓಣಿಯಾಗುತ್ತದೆ, ಆಗ ಸಾವುಗಳು ಮತ್ತೆ ಚದುರುತ್ತವೆ. ಕಾಕಾನಿಗೆ ಇದನ್ನು ಹೇಳಿದೆ. "ಅದs ಅಲ್ರೀ ಸರ ಶಾಂತಿ ಫಲ" ಎಂದರು.

ಪಟ್ಟಿಯಲ್ಲಿ ಉಳಿದ ದುಡ್ಡಿಗೆ ಮಾತ್ರ ನಾನು ಮೀಟಿಂಗಿನಲ್ಲಿ ಹಟ ಹಿಡಿದೆ. ನಮ್ಮ ಮೆಟ್ಟಿಲಿಗೆ ಒಂದೇ ಮಗ್ಗುಲಿಗೆ ಕಂಬಿ ಇತ್ತು, ಅದೂ ಎಡಗಡೆ. ಎಪ್ಪತ್ತೈದು ದಾಟಿದವರು ಬಲಗೈಯಲ್ಲಿ ಗೋಡೆ ತಡವುತ್ತ ಇಳಿಯುತ್ತಿದ್ದರು. ಆ ಎತ್ತರದಲ್ಲಿ ಗೋಡೆಯ ಬಣ್ಣ ಒಂದು ಗೇಣು ಅಗಲಕ್ಕೆ ಸವೆದು ಕಪ್ಪಗಾಗಿತ್ತು. ಈಗ ಅಲ್ಲಿ ಸ್ಟೀಲಿನ ಕಂಬಿ ಬಂದಿದೆ. ಎರಡನೇ ಅಂತಸ್ತಿನ ತನಕ ದುಡ್ಡು ಸಾಲಿತು. ಮೂರನೆಯದಕ್ಕೆ ಗಣಪತಿ ಪಟ್ಟಿ ಆದ ಮೇಲೆ ನೋಡೋಣ ಎಂದು ಕಾಕಾ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ.