ಗ್ರೇಟ್‌ಫುಲ್ ಡೆಡ್: ಕೇಳುಗರೇ ಉಳಿಸಿಕೊಂಡ ಸಂಗೀತ

ಗ್ರೇಟ್‌ಫುಲ್ ಡೆಡ್ ಅಭಿಮಾನಿಗಳು ತಾರೀಖಿನ ಲೆಕ್ಕದಲ್ಲಿ ಮಾತಾಡುತ್ತಾರೆ. 1977ರ ಮೇ 8 ಅಂದರೆ ಸಾಕು, ಯಾವ ಊರು, ಯಾವ ಹಾಡು ಎಂದು ಕೇಳುವ ಅಗತ್ಯವೇ ಇರುವುದಿಲ್ಲ. ಈ ಅಮೆರಿಕನ್ ರಾಕ್ ತಂಡ 1965ರಿಂದ 1995ರವರೆಗೆ 2,300ಕ್ಕೂ ಹೆಚ್ಚು ಶೋ ಕೊಟ್ಟಿತು. ಅದರಲ್ಲಿ ಬಹುಪಾಲು ಇವತ್ತಿಗೂ ಕೇಳಲು ಸಿಗುತ್ತವೆ. ಇಷ್ಟೆಲ್ಲ ಉಳಿದದ್ದರಲ್ಲಿ ರೆಕಾರ್ಡ್ ಕಂಪನಿಗಳಿಗಿಂತ ಕೇಳುಗರ ಪಾಲೇ ದೊಡ್ಡದು.

ತಂಡ ಶುರುವಾದದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ಜೆರ್ರಿ ಗಾರ್ಸಿಯಾ ಬ್ಯಾಂಜೊ ನುಡಿಸುತ್ತಿದ್ದವರು. ಫಿಲ್ ಲೆಶ್ ಟ್ರಂಪೆಟ್ ಕಲಿತವರು, ಬೇಸ್ ಗಿಟಾರ್ ಹಿಡಿದದ್ದು ಈ ತಂಡಕ್ಕೆ ಬಂದ ಮೇಲೆಯೇ. ಕೀಬೋರ್ಡ್ ನುಡಿಸಿ ಹಾಡುತ್ತಿದ್ದ ಪಿಗ್‌ಪೆನ್‌ಗೆ ಬ್ಲೂಸ್ ಅಂದರೆ ಪ್ರಾಣ. ಬಾಬ್ ವಿಯರ್ ಇನ್ನೂ ಹದಿಹರೆಯದ ಹುಡುಗ. ಬಿಲ್ ಕ್ರಾಯ್ಟ್ಸ್‌ಮನ್ ಡ್ರಮ್ಸ್‌ಗೆ ಕೂತರು. ಲೇಖಕ ಕೆನ್ ಕೀಸಿ ನಡೆಸುತ್ತಿದ್ದ, ಎಲ್‌ಎಸ್‌ಡಿ ಅನ್ನುವ ಮಾದಕವಸ್ತುವಿನ ಪಾರ್ಟಿಗಳಲ್ಲಿ ಇವರು ನುಡಿಸುತ್ತಿದ್ದರು. ಅಲ್ಲಿ ಇಷ್ಟೇ ಹೊತ್ತು ನುಡಿಸಬೇಕು ಅನ್ನುವ ಕಟ್ಟುಪಾಡು ಇರಲಿಲ್ಲ. ಹಾಡನ್ನು ಎಳೆದು ಬೆಳೆಸುವ ಅಭ್ಯಾಸ ಅಲ್ಲೇ ಗಟ್ಟಿಯಾಯಿತು. 1968ರಲ್ಲಿ ಸಿಂಗಲ್ ಆಗಿ ಬಂದಾಗ ‘ಡಾರ್ಕ್ ಸ್ಟಾರ್’ ಮೂರು ನಿಮಿಷವೂ ಇರಲಿಲ್ಲ. ಮರುವರ್ಷದ ‘ಲೈವ್/ಡೆಡ್’ ಆಲ್ಬಮ್‌ನಲ್ಲಿ ಅದೇ ಹಾಡು 23 ನಿಮಿಷ!

ತಾಳಮದ್ದಲೆ ಕೇಳುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಸಂಗ ಅದೇ, ಪದ್ಯ ಅದೇ, ಅರ್ಥಗಾರಿಕೆ ಮಾತ್ರ ಆ ರಾತ್ರಿಯದು. ಇಲ್ಲೂ ಹಾಗೆಯೇ. ಒಂದು ಹಾಡಿನಿಂದ ಇನ್ನೊಂದಕ್ಕೆ ನಡುವೆ ನಿಲ್ಲದೆ ಜಾರುತ್ತಿದ್ದರು. ಇವತ್ತು ನುಡಿಸಿದ ಹಾಡು ನಾಳೆ ಸಿಗುತ್ತದೆ ಅನ್ನುವ ಭರವಸೆ ಇರಲಿಲ್ಲ. ಅದಕ್ಕೇ ಜನ ತಂಡದ ಹಿಂದೆ ಊರೂರು ಅಲೆದರು.

ನಮ್ಮ ಕಡೆಯ ನಂಟೂ ಒಂದಿದೆ. 1967ರಲ್ಲಿ ಎರಡನೇ ಡ್ರಮ್ಮರ್ ಆಗಿ ಸೇರಿದ ಮಿಕಿ ಹಾರ್ಟ್, ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಅವರಿಂದ ತಾಳದ ಪಾಠ ಕಲಿತರು. ‘ದಿ ಇಲೆವೆನ್’ ಅನ್ನುವ ಹಾಡು ಹೆಸರಿಗೆ ತಕ್ಕಂತೆ ಹನ್ನೊಂದರ ಎಣಿಕೆಯಲ್ಲಿ ಓಡುತ್ತದೆ. ಮುಂದೆ ಜಾಕಿರ್ ಹುಸೇನ್, ಘಟಂ ವಿದ್ವಾನ್ ವಿಕ್ಕು ವಿನಾಯಕರಾಮ್ ಜೊತೆ ಹಾರ್ಟ್ ಮಾಡಿದ ‘ಪ್ಲಾನೆಟ್ ಡ್ರಮ್’, ವಿಶ್ವ ಸಂಗೀತ ಆಲ್ಬಮ್ ವಿಭಾಗದ ಮೊದಲ ಗ್ರ್ಯಾಮಿ ಗೆದ್ದಿತು.

ಇನ್ನು ಟೇಪಿನ ವಿಷಯ. ತಂಡದ ಸೌಂಡ್ ನೋಡಿಕೊಳ್ಳುತ್ತಿದ್ದ ಆವ್ಸ್‌ಲಿ ಸ್ಟ್ಯಾನ್ಲಿ ತಮ್ಮ ಕೆಲಸ ಹೇಗಿದೆ ಎಂದು ತಿಳಿಯಲು ಶೋಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಅಭಿಮಾನಿಗಳು ಮೈಕ್ ಬಚ್ಚಿಟ್ಟುಕೊಂಡು ಬರತೊಡಗಿದಾಗ ಮೊದಮೊದಲು ಒಳ್ಳೆಯ ಸ್ವಾಗತವೇನೂ ಸಿಗಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ತಂಡದ ಕೆಲಸಗಾರರು ಮೈಕ್ ವೈರ್ ಕತ್ತರಿಸಿದ್ದೂ ಉಂಟು. ಆದರೂ ಟೇಪ್ ಹರಡುತ್ತಲೇ ಹೋಯಿತು. 1974ರಲ್ಲಿ ಶುರುವಾದ ‘ರೆಲಿಕ್ಸ್’ ಪತ್ರಿಕೆ ಮೊದಲು ಟೇಪ್ ವಿನಿಮಯ ಮಾಡುವವರ ಸುದ್ದಿಪತ್ರವೇ ಆಗಿತ್ತು.

ಆ ವಿನಿಮಯಕ್ಕೆ ಒಂದು ಮರ್ಯಾದೆ ಇತ್ತು. ದುಡ್ಡು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಹತ್ತಿರ ಬದಲಿಗೆ ಕೊಡಲು ಏನೂ ಇಲ್ಲವೇ? ಖಾಲಿ ಕ್ಯಾಸೆಟ್ಟು, ವಾಪಸ್ ಕಳಿಸಲು ಅಂಚೆ ಖರ್ಚು ಕಳಿಸಿ. ಗುರುತಿಲ್ಲದ ಯಾರೋ ರಾತ್ರಿ ಕೂತು ಕಾಪಿ ಮಾಡಿ ಕಳಿಸುತ್ತಿದ್ದರು. 90 ನಿಮಿಷದ ಕ್ಯಾಸೆಟ್ಟಲ್ಲಿ ಒಂದು ಬದಿಗೆ 45 ನಿಮಿಷ. ಜ್ಯಾಮ್, ಅಂದರೆ ಅಲ್ಲೇ ಹುಟ್ಟಿ ಬೆಳೆಯುವ ವಾದನ, ರಂಗೇರುವ ಹೊತ್ತಿಗೇ ಟೇಪ್ ತಿರುವಬೇಕಾಗಿ ಬರುವುದು ಮಾಮೂಲು. ಕಾಪಿಯ ಕಾಪಿ ಆದಂತೆ ಹಿಸ್ ಶಬ್ದ ಜಾಸ್ತಿಯಾಗುತ್ತಿತ್ತು. ಅದಕ್ಕೇ ಇದು ಎಷ್ಟನೇ ತಲೆಮಾರಿನ ಕಾಪಿ ಅನ್ನುವುದನ್ನು ಮೊದಲು ವಿಚಾರಿಸುತ್ತಿದ್ದರು. ಒಳಗಿನ ಕಾಗದದಲ್ಲಿ ಪುಟ್ಟ ಅಕ್ಷರದ ಹಾಡುಗಳ ಪಟ್ಟಿ. ಒಂದರಿಂದ ಇನ್ನೊಂದಕ್ಕೆ ಜಾರಿದ್ದರೆ ನಡುವೆ ಬಾಣದ ಗುರುತು. ಯಾರದೋ ಕೈಬರಹದ ಆ ಪಟ್ಟಿಗಳ ಮೇಲೆ ನನಗೆ ವಿಪರೀತ ಪ್ರೀತಿ.

1980ರ ಹೊತ್ತಿಗೆ ಕಂಬದಂಥ ಮೈಕ್ ಸ್ಟ್ಯಾಂಡುಗಳು ಉಳಿದವರ ನೋಟಕ್ಕೇ ಅಡ್ಡವಾಗತೊಡಗಿದವು. 1984ರ ಅಕ್ಟೋಬರ್‌ನಲ್ಲಿ ತಂಡವೇ ಒಂದು ದಾರಿ ಮಾಡಿತು. ಸದ್ದು ಹೊಂದಿಸುವ ಮಿಕ್ಸಿಂಗ್ ಬೋರ್ಡಿನ ಹಿಂದೆ ಟೇಪ್ ಮಾಡುವವರಿಗೆ ಬೇರೆ ಜಾಗ, ಅದಕ್ಕೆ ಬೇರೆ ಟಿಕೆಟ್. ನಾವು ನುಡಿಸಿ ಮುಗಿಸಿದ ಮೇಲೆ ಅದು ಅವರದು ಅನ್ನುವುದು ಗಾರ್ಸಿಯಾ ನಿಲುವು. ಟೇಪ್ ಕೇಳಿದವರು ಟಿಕೆಟ್ ಕೊಂಡು ಬಂದರು. ಸಂಗೀತವನ್ನು ಬಿಟ್ಟಿ ಹಂಚಿದರೆ ತಂಡ ಮುಳುಗುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 1987ರಲ್ಲಿ ‘ಟಚ್ ಆಫ್ ಗ್ರೇ’ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 9ನೇ ಸ್ಥಾನಕ್ಕೆ ಏರಿದ ಮೇಲಂತೂ ಟಿಕೆಟ್ ಇಲ್ಲದವರೂ ಮೈದಾನದ ಹೊರಗೆ ಮುತ್ತಿಕೊಂಡರು. ಆ ಜನಜಂಗುಳಿ ಕೊನೆಯ ವರ್ಷಗಳಲ್ಲಿ ತಂಡಕ್ಕೆ ಭಾರವೇ ಆಯಿತು.

ಈಗ ಆ 1977ರ ಮೇ 8ಕ್ಕೆ ಬರೋಣ. ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳಾದರೂ ಆ ರಾತ್ರಿ ಅಲ್ಲಿ ಹಿಮ ಬಿತ್ತು. ಬೆಟ್ಟಿ ಕ್ಯಾಂಟರ್ ಅನ್ನುವ ಸೌಂಡ್ ಎಂಜಿನಿಯರ್ ಆ ಶೋವನ್ನು ರೆಕಾರ್ಡ್ ಮಾಡಿದರು. ಮುಂದೆ ಅವರ ಟೇಪುಗಳೆಲ್ಲ ಬಾಡಿಗೆ ಗೋದಾಮು ಸೇರಿದವು. ಬಾಡಿಗೆ ಬಾಕಿಯಾಗಿ 1986ರಲ್ಲಿ ಅದರಲ್ಲಿದ್ದದ್ದೆಲ್ಲ ಹರಾಜಾಯಿತು. ಆ ಶೋದ ಟೇಪ್ ಕೊಂಡವರಿಂದ ಅಭಿಮಾನಿಗಳ ಕೈಗೆ ಬಂದು, ಸರಿಮಾಡಿಸಿಕೊಂಡು, ದೇಶವೆಲ್ಲ ಸುತ್ತಿತು. 2011ನೇ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಸೇರಿಸಿತು. ಆಗಿನ್ನೂ ಅದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ! ಅಧಿಕೃತವಾಗಿ ಬಂದದ್ದು 2017ರಲ್ಲಿ, 40 ವರ್ಷದ ನಂತರ.

1995ರ ಆಗಸ್ಟ್ 9ರಂದು ಗಾರ್ಸಿಯಾ ತೀರಿಕೊಂಡರು. 53 ವರ್ಷ. ಉಳಿದವರು ಆ ಹೆಸರಿನಲ್ಲಿ ಮುಂದುವರಿಯಲಿಲ್ಲ. ಟೇಪುಗಳು ಇಂಟರ್‌ನೆಟ್ ಆರ್ಕೈವ್ ಅನ್ನುವ ಉಚಿತ ಜಾಲತಾಣ ಸೇರಿದವು. 2005ರ ನವೆಂಬರ್‌ನಲ್ಲಿ ಡೌನ್‌ಲೋಡ್ ನಿಂತಾಗ ಅಭಿಮಾನಿಗಳು ಸಿಡಿದೆದ್ದರು. ಕೆಲವೇ ದಿನಗಳಲ್ಲಿ ಒಂದು ರಾಜಿಯಾಯಿತು. ಪ್ರೇಕ್ಷಕರು ಮಾಡಿದ ಟೇಪ್ ಇಳಿಸಿಕೊಳ್ಳಬಹುದು, ಮಿಕ್ಸಿಂಗ್ ಬೋರ್ಡಿನಿಂದ ನೇರ ಬಂದದ್ದನ್ನು ಅಲ್ಲೇ ಕೇಳಬೇಕು.

ಹೊಸಬರು ಕಾರ್ನೆಲ್‌ನಿಂದಲೇ ಶುರು ಮಾಡಿ. ‘ಸ್ಕಾರ್ಲೆಟ್ ಬಿಗೋನಿಯಾಸ್’ ಬಾಣ ‘ಫೈರ್ ಆನ್ ದ ಮೌಂಟನ್’, ಎರಡೂ ಸೇರಿ ಸುಮಾರು 25 ನಿಮಿಷ. ಎರಡನೆಯದು ಹೆಚ್ಚುಕಮ್ಮಿ ಎರಡೇ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ನಿಂತಿದೆ. ಮೊದಲ ಸಲ ಲೆಶ್ ಅವರ ಬೇಸ್ ಒಂದನ್ನೇ ಹಿಂಬಾಲಿಸಿ. ಮೊದಲ ಹಾಡು ಎಲ್ಲಿ ಮುಗಿಯಿತು ಅಂತ ಹುಡುಕಬೇಡಿ, ಆ ಗಡಿ ದಾಟುವುದನ್ನು ಮೊದಲು ಹೇಳುವುದೇ ಬೇಸ್. ಆಮೇಲೆ ಅದೇ ರಾತ್ರಿಯ, ಪ್ರೇಕ್ಷಕರ ನಡುವಿನಿಂದ ಮಾಡಿದ ಟೇಪ್ ಹಾಕಿ. ಸದ್ದು ಅಷ್ಟು ಚೊಕ್ಕಟವಾಗಿರುವುದಿಲ್ಲ, ಆದರೆ ಹಾಲ್ ತುಂಬಿದ ಜನರ ಕೂಗು ಕೇಳುವುದು ಅದರಲ್ಲೇ.