ಎಷ್ಟು ಪರ್ಸೆಂಟು ಅಂತ ಕೇಳೋರಿಗೆ

ವಾರಕ್ಕೆ ಎರಡು ಸಲನಾದ್ರೂ ಯಾವುದಾದ್ರೂ ಎಚ್‌ಆರ್‌ನವರ ಫೋನ್ ಬರುತ್ತೆ, "ಮೇಡಂ, ಹುಡುಗನ ಅಂಗವೈಕಲ್ಯ ಎಷ್ಟು ಪರ್ಸೆಂಟು?" ಅರವತ್ತು ಅಂದ್ರೆ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ "ಅಯ್ಯೋ ಜಾಸ್ತಿ ಆಯ್ತಲ್ಲ, ನಲವತ್ತರ ಆಸುಪಾಸಿನೋರು ಇದ್ರೆ ಕಳ್ಸಿ". ಅರವತ್ತು ಅಂದ್ರೆ ಇನ್ನುಳಿದ ನಲವತ್ತರಷ್ಟೇ ಕೆಲಸ ಮಾಡ್ತಾನೆ ಅನ್ನೋ ಲೆಕ್ಕ. ಪೀಣ್ಯ ಕಡೆ ಫ್ಯಾಕ್ಟರಿಗಳಿಗೆ ಅಂಗವಿಕಲರನ್ನ ಸೇರಿಸೋ ಕೆಲಸ ಎಷ್ಟೋ ವರ್ಷದಿಂದ ಮಾಡ್ತಿದೀನಿ, ಈ ಒಂದು ಲೆಕ್ಕ ಮಾತ್ರ ಜನರ ತಲೆಯಿಂದ ತೆಗೆಯೋಕೆ ಆಗ್ತಿಲ್ಲ.

ಯುಡಿಐಡಿ ಕಾರ್ಡಲ್ಲಿ, ಅಂದ್ರೆ ಸರ್ಕಾರ ಅಂಗವಿಕಲರಿಗೆ ಕೊಡೋ ಗುರುತಿನ ಚೀಟೀಲಿ, ಇರೋ ಪರ್ಸೆಂಟು ದೇಹದ ಅಳತೆ. ಕೀಲು ಎಷ್ಟು ಮಡಚುತ್ತೆ, ಸ್ನಾಯುವಲ್ಲಿ ಬಲ ಎಷ್ಟಿದೆ, ಕಿವಿ ಎಷ್ಟು ಡೆಸಿಬಲ್‌ವರೆಗೆ ಕೇಳಲ್ಲ ಅಂತ ಡಾಕ್ಟ್ರು ನೋಡಿ ಬರೆಯೋದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ 40 ಪರ್ಸೆಂಟಿನ ಗೆರೆ ಹಾಕಿರೋದು ಸರ್ಕಾರಿ ಕೆಲಸದ 4 ಪರ್ಸೆಂಟ್ ಮೀಸಲಾತಿ ಥರದ ಸೌಲಭ್ಯ ಯಾರಿಗೆ ಸಿಗ್ಬೇಕು ಅಂತ ತೀರ್ಮಾನಿಸೋಕೆ. ನಿಮ್ಮ ಲೈನಲ್ಲಿ ಗಂಟೆಗೆ ಎಷ್ಟು ಪೀಸ್ ಮಾಡ್ತಾನೆ ಅಂತ ಆ ಡಾಕ್ಟ್ರು ನೋಡೇ ಇಲ್ಲ, ನೋಡೋದು ಅವರ ಕೆಲಸಾನೂ ಅಲ್ಲ. ಎರಡೂ ಕಾಲಿಗೆ ಬಲ ಇಲ್ದೆ 80 ಇರೋ ಹೆಣ್ಮಗಳು ಕೂತ್ಕೊಂಡು ಬಿಲ್ಲಿಂಗ್ ಮಾಡೋವಾಗ ಆ 80 ಎಲ್ಲಿ ಅಡ್ಡ ಬಂತು? ಬಲಗೈ ಬೆರಳು ಕಳ್ಕೊಂಡು 40ರ ಆಸುಪಾಸಲ್ಲಿರೋ ಹುಡುಗ ಸಣ್ಣ ಸ್ಕ್ರೂ ಕೂರಿಸೋ ಟೇಬಲ್ಲಲ್ಲಿ ಒದ್ದಾಡ್ತಾನೆ.

ಅದಕ್ಕೇ ನಾವು ಯಾರನ್ನೂ ಕಳ್ಸೋಕೆ ಮೊದ್ಲು ಒಂದು ಪೂರ್ತಿ ಶಿಫ್ಟ್ ಆ ಜಾಗದಲ್ಲಿ ನಿಂತು ನೋಡ್ತೀವಿ. ಏನು ಎತ್ತಬೇಕು, ಎಷ್ಟು ದೂರ ನಡೀಬೇಕು, ಸೂಪರ್‌ವೈಸರ್ ಬಾಯಲ್ಲಿ ಹೇಳ್ತಾರಾ ಬರೆದು ತೋರಿಸ್ತಾರಾ. ಟಾಯ್ಲೆಟ್ ಎಲ್ಲಿದೆ ಅಂತಾನೂ ನೋಡ್ತೀವಿ, ಇದನ್ನ ಒಬ್ಬ ಹುಡುಗಿಯಿಂದ ಕಲ್ತಿದ್ದು. ಪೋಲಿಯೋ ಆಗಿದ್ದೋಳು, ಡೇಟಾ ಎಂಟ್ರಿಗೆ ಸೇರಿಸಿದ್ವಿ, ಕೆಲಸದಲ್ಲಿ ಒಂದು ತಪ್ಪಿಲ್ಲ, ಆದ್ರೆ ಲೇಡೀಸ್ ಟಾಯ್ಲೆಟ್ ಎರಡನೇ ಮಹಡೀಲಿ, ಲಿಫ್ಟ್ ಇಲ್ಲ. ಪಾಪ ಬೆಳಗ್ಗೆಯಿಂದ ನೀರೇ ಕುಡೀತಿರ್ಲಿಲ್ಲ, ಉರಿಮೂತ್ರ ಬಂದು ಮೂರನೇ ತಿಂಗಳಿಗೆ ಬಿಟ್ಟೇ ಬಿಟ್ಲು. ಗ್ರೌಂಡ್ ಫ್ಲೋರಲ್ಲಿ ಮ್ಯಾನೇಜರ್ ಟಾಯ್ಲೆಟ್ ಇತ್ತು, ಅದರ ಒಂದು ಕೀ ಕೊಟ್ಟಿದ್ರೆ ಸಾಕಿತ್ತು. ನಾನೂ ಕೇಳ್ಲಿಲ್ಲ, ಅವಳೂ ನಾಚಿಕೆಗೆ ಹೇಳ್ಲಿಲ್ಲ. ಇವತ್ತಿಗೂ ಬೇಜಾರು.

ಎಲ್ಲಾ ಕೆಲಸ ಎಲ್ರಿಗೂ ಆಗುತ್ತೆ ಅಂತ ನಾನು ಹೇಳಲ್ಲ, ಫಿಟ್ಸ್ ಬರೋರನ್ನ ಪ್ರೆಸ್ ಮೆಷಿನ್ ಮುಂದೆ ನಿಲ್ಸೋಕೆ ಮೊದ್ಲು ಅವರ ಡಾಕ್ಟ್ರನ್ನ ಕೇಳ್ಲೇಬೇಕು.

ಮನೆಯವ್ರೂ ಇದೇ ಪರ್ಸೆಂಟಿಗೆ ಜೋತು ಬಿದ್ದಿರ್ತಾರೆ. ಕಿವಿ ಕೇಳದ ಮಗನ ಜೊತೆ ಬಂದಿದ್ದ ಒಬ್ರು ತಾಯಿ "ನೂರು ಅಂತ ಬರ್ದವ್ರೆ ಮೇಡಂ, ಇವನ ಕೈಲಿ ಏನಾಯ್ತದೆ" ಅಂತ ಅಳ್ತಿದ್ರು. ಪ್ಯಾಕಿಂಗಿಗೆ ಹಾಕಿದ್ವಿ. ಮೊದಲ ತಿಂಗಳಲ್ಲೇ ಎರಡು ದಿನ ತಪ್ಪು ಶಿಫ್ಟಿಗೆ ಬಂದ ಅಂತ ತೆಗೆಯೋಕೆ ಹೊರಟಿದ್ರು, ಹೋಗಿ ವಿಚಾರಿಸಿದ್ರೆ ಶಿಫ್ಟ್ ಬದಲಾಗಿದ್ದನ್ನ ಮೈಕಲ್ಲಿ ಹೇಳಿದ್ರಂತೆ. ಈಗ ವಾಟ್ಸಾಪಲ್ಲಿ ಹಾಕ್ತಾರೆ, ಅವನು ಅಲ್ಲೇ ಇದಾನೆ, ಹೋದ ದೀಪಾವಳಿಗೆ ಬೋನಸ್ ದುಡ್ಡಲ್ಲಿ ಅಮ್ಮಂಗೆ ಸೀರೆ ತಗೊಂಡು ನಂಗೂ ಫೋಟೋ ಕಳಿಸಿದ್ದ.